ಬಾಗಿಲಲ್ಲಿ ಹೇಳುವ ಮಾತು

ನೀವೇನು ಕೆಲಸ ಮಾಡುತ್ತೀರಿ ಅಂತ ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ಸಿನಿಮಾದಲ್ಲಿ ಪ್ರಾಂಪ್ಟಿಂಗ್ ಮಾಡುತ್ತೇನೆ ಅಂದರೆ "ಹಾಗಂದ್ರೆ?" ಅನ್ನುತ್ತಾರೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕನ್ನಡ ಬಾರದ ನಾಯಕಿ ಕ್ಯಾಮೆರಾ ಮುಂದೆ ನಿಂತಿರುತ್ತಾಳೆ. ನಾನು ಸೋಫಾದ ಹಿಂದೆಯೋ ಪರದೆಯ ಮರೆಯಲ್ಲೋ ಹಾಳೆ ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತೇನೆ. ನಾನೊಂದು ಮಾತು ಹೇಳುತ್ತೇನೆ, ಅವಳು ಅದನ್ನೇ ತಿರುಗಿ ಹೇಳುತ್ತಾಳೆ. ಆಮೇಲೆ ಡಬ್ಬಿಂಗಿನಲ್ಲಿ ಕನ್ನಡದ ಹುಡುಗಿಯೊಬ್ಬಳು ಬಂದು ಆ ಮಾತಿಗೆ ಜೀವ ತುಂಬುತ್ತಾಳೆ, ನನ್ನ ಧ್ವನಿಯನ್ನು ಅಳಿಸಿ ಹಾಕುತ್ತಾರೆ. ಈ ಕೆಲಸ ಕಲಿಸಿದವರು ನನಗೆ ಹೇಳಿಕೊಟ್ಟದ್ದು ಒಂದೇ ನಿಯಮ: ಮಾತು ಕೊಡು, ಭಾವ ಕೊಡಬೇಡ. ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗುವ ಕಂಡಕ್ಟರನ ಹಾಗೆ ಹೇಳಬೇಕು, ಅಷ್ಟೇ.

ಈಗ ಹೇಳಹೊರಟಿರುವುದು ಆ ವಿಚ್ಛೇದನದ ಸಿನಿಮಾದ ಸಮಯದ ವಿಷಯ. ಅದೊಂದು ನಗಿಸುವ ಪ್ರೇಮಕಥೆ. ಗಂಡ ಹೆಂಡತಿ ಇಬ್ಬರೂ ದೊಡ್ಡ ಕಂಪನಿಗಳಲ್ಲಿ ಕೆಲಸದಲ್ಲಿರುವವರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಸಾಕೆನಿಸಿ ಪರಸ್ಪರ ಒಪ್ಪಿಗೆಯಿಂದ ಅರ್ಜಿ ಹಾಕುತ್ತಾರೆ, ಕೋರ್ಟು ಕೊಟ್ಟ ಆರು ತಿಂಗಳ ಗಡುವಿನಲ್ಲಿ ಮಿಕ್ಸಿ ಯಾರಿಗೆ, ಸೋಫಾ ಯಾರಿಗೆ ಅಂತ ಕಿತ್ತಾಡುತ್ತಾರೆ. ಯಲಹಂಕ ನ್ಯೂ ಟೌನಿನ ಒಂದು ಖಾಲಿ ಫ್ಲ್ಯಾಟಿನಲ್ಲಿ ಚಿತ್ರೀಕರಣ. ಮಿಕ್ಸಿಯ ಜಗಳದ ದಿನ ಲೈಟಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಸೆಟ್ಟಿನಲ್ಲಿ ಯಾರಿಗೂ ಗೊತ್ತಿಲ್ಲದಿದ್ದ ಸಂಗತಿಯೆಂದರೆ, ನಾನೂ ಅದೇ ಆರು ತಿಂಗಳಲ್ಲಿದ್ದೆ. ನನ್ನ ಗಂಡನೂ ನಾನೂ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಅವನು ಆರ್‌.ಟಿ. ನಗರದಲ್ಲಿ ಗೆಳೆಯನ ರೂಮಿಗೆ ಹೋಗಿದ್ದ. ನಾನು ಕೋಗಿಲಿನ ಬಾಡಿಗೆ ಮನೆಯಲ್ಲೇ ಉಳಿದಿದ್ದೆ. ಗಡುವು ಮುಗಿದ ಮೇಲೆ ಇಬ್ಬರೂ ಜಡ್ಜ್ ಎದುರು ನಿಂತು ಇನ್ನೊಮ್ಮೆ ಹೌದು ಅನ್ನಬೇಕು. "ಅಷ್ಟರೊಳಗೆ ನಿಮ್ಮಿಬ್ಬರಲ್ಲಿ ಯಾರು ಬೇಡ ಅಂದ್ರೂ ಮುಗೀತು, ಕೇಸು ಬಿದ್ದೋಗತ್ತೆ," ಅಂದಿದ್ದರು ವಕೀಲರು. ಬೇಡ ಅನ್ನುವ ಪ್ರಶ್ನೆಯೇ ಇಲ್ಲ ಅಂತ ನಾನು ದಿನಾ ನನಗೇ ಹೇಳಿಕೊಳ್ಳುತ್ತಿದ್ದೆ. ಪ್ರಶ್ನೆ ಇಲ್ಲದಿದ್ದರೆ ದಿನಾ ಯಾಕೆ ಹೇಳಿಕೊಳ್ಳಬೇಕಿತ್ತೋ.

ಜಗಳ ಏನಾಗಿತ್ತು ಅಂತ ಅಮ್ಮ ಇವತ್ತಿಗೂ ಕೇಳುತ್ತಾಳೆ. ಏನೂ ಆಗಿರಲಿಲ್ಲ. ಮಾತು ಕಡಿಮೆಯಾಗುತ್ತಾ ಹೋಯಿತು. ಹಾಲ್‌ನಲ್ಲಿ ಕೂತು ಅಡುಗೆಮನೆಯಲ್ಲಿದ್ದ ನನಗೆ "ಕಾಫಿ ಇದ್ಯಾ" ಅಂತ ವಾಟ್ಸಾಪ್ ಮಾಡುತ್ತಿದ್ದ. ನಾನು ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಿದ್ದೆ. ಕೊನೆಯ ವರ್ಷದಲ್ಲಿ ನಾವು ಬಾಯಿಬಿಟ್ಟು ಆಡುತ್ತಿದ್ದುದು ಬರೀ ಎರಡು ಮಾತು. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಅವನು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು "ಬರ್ತೀನಿ" ಅನ್ನುತ್ತಿದ್ದ. ನಾನು ಒಳಗಿನಿಂದ "ಹೋಗಿ ಬಾ" ಅನ್ನುತ್ತಿದ್ದೆ. ಅದು ಪ್ರೀತಿಯೇನಲ್ಲ. ಹೊಸಿಲು ದಾಟುವವರು ಹೋಗ್ತೀನಿ ಅನ್ನಬಾರದು, ಒಳಗಿರುವವರು ಹೋಗು ಅಂತ ಕಳಿಸಬಾರದು ಅಂತ ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದ್ದು. ನಾಲಿಗೆ ತನ್ನಷ್ಟಕ್ಕೆ ತಾನು ಹೇಳುತ್ತಿತ್ತು.

ಎರಡು ಸೂಟ್‌ಕೇಸು ಹಿಡಿದು ಹೊರಟ ದಿನವೂ ಅವನು ಅದೇ ಬಾಗಿಲಲ್ಲಿ ನಿಂತು "ಬರ್ತೀನಿ" ಅಂದ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಬರುವುದಿಲ್ಲ ಅಂತ ಗೊತ್ತಿದ್ದೂ ಬರ್ತೀನಿ ಅನ್ನುತ್ತಾನಲ್ಲ, ಎಂಥ ನಾಟಕ ಅನ್ನಿಸಿತು. "ಹೋಗು," ಅಂದೆ. ಬಾಗಿಲು ಹಾಕಿಕೊಂಡೆ.

ಕೆಳಗಿನ ಮನೆಯಲ್ಲಿ ಓನರ್ ಅಜ್ಜಿ ಇದ್ದರು. ಕೋಗಿಲು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ. ಈಗಲೂ ಗೇಟಿನ ಪಕ್ಕ ಒಂದು ಹಸು ಕಟ್ಟಿಕೊಂಡಿದ್ದರು. ನನ್ನ ಗಂಡ ಪುಣೆಗೆ ಪ್ರಾಜೆಕ್ಟ್ ಮೇಲೆ ಹೋಗಿದ್ದಾನೆ ಅಂತ ಅವರ ಕಿವಿಗೆ ಹೂವಿಟ್ಟಿದ್ದೆ. ಗಂಡ ಬಿಟ್ಟವಳಿಗೆ ಮನೆ ಕೊಡುತ್ತಾರೋ ಇಲ್ಲವೋ, ಯಾಕೆ ಪರೀಕ್ಷೆ ಮಾಡುವುದು?

ಚಿತ್ರೀಕರಣ ಶುರುವಾದ ಎರಡನೇ ವಾರ ನಾನು ಮೆಟ್ಟಿಲಿಳಿದು ಬರುವಾಗ ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತಾ ಕೇಳಿದರು.

"ನಿನ್ ಗಂಡ ಯಾವಾಗ ಬಂದ್ನವ್ವಾ ಪುಣೆಯಿಂದ?"

"ಬಂದಿಲ್ವಲ್ಲಜ್ಜಿ."

"ಅಂಗಂದ್ರೆ? ಈಗ ತಾನೆ ಬತ್ತೀನಿ ಅಂದ್ನಲ್ಲ ಬಾಕ್ಲಲ್ಲಿ. ನಿನ್ನೇನೂ ಕೇಳುಸ್ತು, ಮೊನ್ನೇನೂ ಕೇಳುಸ್ತು. ಮೆಟ್ಲಿಳ್ದು ಬತ್ತಾನೇನೋ ಅಂತ ನೋಡ್ತೀನಿ, ನೀನೊಬ್ಳೇ ಬತ್ತೀಯ."

ನಾನು ಮೊಬೈಲು ನೋಡಿದೆ. ಎಂಟು ಐವತ್ತು. ಅವನು ಹೊರಡುತ್ತಿದ್ದ ಹೊತ್ತು ಆಗಷ್ಟೇ ಕಳೆದಿತ್ತು. ಆದರೂ ಧೈರ್ಯ ತಂದುಕೊಂಡು, "ಟೀವಿ ಇರ್ಬೇಕಜ್ಜಿ," ಅಂದೆ. ನಮ್ಮ ಮನೆಯಲ್ಲಿ ಟೀವಿಯೇ ಇರಲಿಲ್ಲ. ಅದನ್ನು ಅವನು ಮೊದಲೇ ಗೆಳೆಯನ ರೂಮಿಗೆ ಸಾಗಿಸಿದ್ದ.

ಆ ದಿನದಿಂದ ಬೆಳಗಿನ ಹೊತ್ತು ಆ ಮನೆಯಲ್ಲಿರುವುದು ಕಷ್ಟವಾಯಿತು. ಬಿಸಿಲು ಅಡುಗೆಮನೆಯ ತನಕ ಬಂದಿರುತ್ತಿತ್ತು, ಹೊರಗೆ ಸೊಪ್ಪಿನವನು ಕೂಗುತ್ತಿದ್ದ, ಹೆದರುವಂಥದ್ದೇನೂ ಇರಲಿಲ್ಲ. ಆದರೂ ಎಂಟೂವರೆ ದಾಟಿದ ಕೂಡಲೇ ಬಾಗಿಲ ಕಡೆ ಬೆನ್ನು ಹಾಕಲು ಆಗುತ್ತಿರಲಿಲ್ಲ. ಕಿವಿಗೊಟ್ಟು ಕೇಳಿದೆ. ನನಗೆ ಮಾತ್ರ ಒಂದು ದಿನವೂ ಏನೂ ಕೇಳಿಸಲಿಲ್ಲ. ಎಂಟೂ ಮುಕ್ಕಾಲರ ಸುಮಾರಿಗೆ ಮನೆ ಒಂದು ಗಳಿಗೆ ಸುಮ್ಮನಾದಂತೆ ಅನ್ನಿಸುತ್ತಿತ್ತು, ಅಷ್ಟೇ. ಅಜ್ಜಿ ಮಾತ್ರ ದಿನಾ ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು.

ಹೀಗಿರುವಾಗ ಬಾಗಿಲ ದೃಶ್ಯ ಬಂತು. ಸಿನಿಮಾದ ಅರ್ಧ ಮುಗಿಯುವುದು ಅಲ್ಲಿಗೇ. ಹೆಂಡತಿ ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ, ಗಂಡನ ಕಡೆ ನೋಡದೆ "ಹೋಗ್ತೀನಿ" ಅನ್ನುತ್ತಾಳೆ, ಹೋಗುತ್ತಾಳೆ. ಹಾಳೆಯಲ್ಲಿ ಅಷ್ಟೇ ಇತ್ತು, ಒಂದೇ ಒಂದು ಮಾತು. ಹಿಂದಿನ ದಿನ ಮನೆಯ ಮೆಟ್ಟಿಲ ಮೇಲೆ ಕೂತು ಅದನ್ನು ಅಭ್ಯಾಸ ಮಾಡುವಾಗ ಅಜ್ಜಿ ಕೇಳಿಸಿಕೊಂಡು, "ಬಿಡ್ತು ಅನ್ನವ್ವ, ಬಿಡ್ತು ಅನ್ನು. ಎಣ್ಣುಮಗ್ಳು ಒಸ್ಲತ್ರ ಕುಂತ್ಕಂಡು ಇಂಗೆ ಓಯ್ತೀನಿ ಅಂತಾಳಾ?" ಅಂತ ಬೈದಿದ್ದರು. ಸಿನಿಮಾ ಮಾತಜ್ಜಿ ಅಂದರೂ ಬಿಡಲಿಲ್ಲ. ಬಿಡ್ತು ಅನ್ನಿಸಿಯೇ ಒಳಗೆ ಹೋದರು.

ಮೊದಲ ಟೇಕ್. ನಾನು ಬಾಗಿಲ ಹಿಂದೆ ಕೂತಿದ್ದೆ. ನಾಯಕಿ ನಿಂತಳು, ನಾನು ಮಾತು ಕೊಟ್ಟೆ, ಅವಳು ಹೇಳಿದಳು. "ಬರ್ತೀನಿ."

"ಕಟ್," ಅಂದರು ನಿರ್ದೇಶಕರು. "ಹೋಗ್ತೀನಿ ಅಂತ ಕೊಡಿ ಮೇಡಂ."

"ಅದನ್ನೇ ಕೊಟ್ಟೆ ಸರ್."

ಎರಡನೇ ಟೇಕಿನಲ್ಲೂ ಅವಳು ಬರ್ತೀನಿ ಅಂದಳು. ಮೂರನೆಯದರಲ್ಲೂ ಅದೇ. ನಾಲ್ಕನೆಯ ಸಲ ನಾನು ಹಾಳೆಯ ಮೇಲೆ ಬೆರಳಿಟ್ಟುಕೊಂಡು, ಅಕ್ಷರ ನೋಡಿಕೊಂಡು "ಹೋಗ್ತೀನಿ" ಅಂದೆ. ಅಂದದ್ದು ನನಗೆ ಇವತ್ತಿಗೂ ನೆನಪಿದೆ. ಅವಳು ಬರ್ತೀನಿ ಅಂದಳು.

ನನಗೆ ತಲೆ ಕೆಟ್ಟಿತು. ಕನ್ನಡದ ಗಂಧಗಾಳಿಯಿಲ್ಲದ ಹುಡುಗಿಗೆ ನಾನು ಹೇಳದ ಮಾತು ಎಲ್ಲಿಂದ ಬರಬೇಕು? ಎದ್ದು ಹೋಗಿ ಅವಳನ್ನೇ ದಬಾಯಿಸಿದೆ. ಅವಳು ಕಕ್ಕಾಬಿಕ್ಕಿಯಾಗಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ನೀವು ಹೇಳಿದ್ದನ್ನೇ ನಾನು ಹೇಳಿದೆ. ಹೇಳಿದ ಮೇಲೆ ನೀವು ಸುಮ್ಮನೆ ನನ್ನನ್ನೇ ನೋಡುತ್ತೀರಿ. ಆಮೇಲೆ ಇನ್ನೊಂದು ಮಾತಿದೆಯಾ? ನಾನು ಅದಕ್ಕೆ ಕಾಯಬೇಕಾ?

ಸೌಂಡ್ ರೆಕಾರ್ಡಿಂಗಿನ ವ್ಯಕ್ತಿ ತನ್ನ ಹೆಡ್‌ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಡಬ್ಬಿಂಗಿಗೆ ಅನುಕೂಲವಾಗಲಿ ಅಂತ ಸೆಟ್ಟಿನಲ್ಲಿ ಆಡಿದ್ದನ್ನೆಲ್ಲ ಹಿಡಿದಿಟ್ಟಿರುತ್ತಾರೆ. ಕೇಳಿದೆ. ಮೊದಲು ಚಪ್ಪಲಿಯ ಸದ್ದು. ಆಮೇಲೆ ನಾಯಕಿಗಿಂತ ಮುಂಚೆ, ಮೆಲ್ಲಗೆ, "ಬರ್ತೀನಿ." 'ಬ'ಕ್ಕೆ ಮೊದಲು ಸಣ್ಣದೊಂದು ಉಸಿರು, ಭಾರದ ಬ್ಯಾಗನ್ನು ಹೆಗಲಿಗೇರಿಸುವವರು ಬಿಡುವಂಥದ್ದು. 'ತೀ' ಒಂದಿಷ್ಟು ಎಳೆದದ್ದು. ಅದು ನನ್ನ ಗಂಡ ಹೇಳುವ ರೀತಿ. ನಾಲ್ಕು ವರ್ಷ ಕೇಳಿದ್ದೇನೆ, ನನಗೆ ತಪ್ಪುವುದಿಲ್ಲ.

"ಇದು ನೀವೇನಾ ಮೇಡಂ?" ಅಂದರು ರೆಕಾರ್ಡಿಂಗಿನವರು. "ಸ್ವಲ್ಪ ಗಂಡಸ್ರು ಥರ ಕೇಳಿಸ್ತಿದೆ."

"ಶೀತ ಆಗಿದೆ," ಅಂದೆ.

ನಿರ್ದೇಶಕರಿಗೆ ಮಾತ್ರ ಖುಷಿಯಾಗಿತ್ತು. ಮಾನಿಟರ್ ಮುಂದೆ ಆ ತುಣುಕನ್ನೇ ಮತ್ತೆ ಮತ್ತೆ ನೋಡಿದರು. "ಗುರು, ಇದೇ ಚೆನ್ನಾಗಿದೆ. ಬಿಟ್ಟು ಹೋಗೋಳು ಬರ್ತೀನಿ ಅಂತಾಳೆ. ಅವನು ಆ ಒಂದು ಮಾತು ಹಿಡ್ಕೊಂಡು ಕಾಯ್ತಾನೆ. ಕ್ಲೈಮ್ಯಾಕ್ಸ್ ಸಿಕ್ತು," ಅಂದರು. ಹಾಗೇ ಉಳಿಸಿಕೊಂಡರು. ಮುಂದೆ ಸಿನಿಮಾ ಬಂದಾಗ ಆ ಹುಡುಗಿ ಕಡೆಯಲ್ಲಿ ನಿಜವಾಗಿಯೂ ವಾಪಸು ಬರುತ್ತಾಳೆ. ಹೆಬ್ಬಾಳದ ಮಾಲಿನಲ್ಲಿ ನಾನೂ ಹೋಗಿ ನೋಡಿದೆ, ಜನ ಶಿಳ್ಳೆ ಹಾಕಿದರು. ನನ್ನದೊಂದು ತಪ್ಪಿನಿಂದ ಅವರ ಮದುವೆ ಉಳಿಯಿತು.

ನನ್ನ ಮನೆಯ ಬಾಗಿಲಲ್ಲಿ ಅಜ್ಜಿಗೆ ಕೇಳಿಸುವುದು ಏನೆಂದು ನಾನು ಪತ್ತೆ ಮಾಡಲೇಬೇಕಿತ್ತು. ಆ ಚಿತ್ರೀಕರಣದ ಮಾರನೇ ದಿನ ಬೆಳಿಗ್ಗೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟೆ. ಕಾಫಿ ಮಾಡಿದೆ, ಆ ದಿನದ ಹಾಳೆ ಎರಡು ಸಲ ಓದಿದೆ, ಡಬ್ಬಿ ಕಟ್ಟಿಕೊಂಡೆ. ಎಂಟು ಐವತ್ತಕ್ಕೆ ಬೀಗ ಹಾಕಿ ಹೊರಟೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ ಮೇಲೆ ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ.

ಲೋಟದ ಸದ್ದು. ನಲ್ಲಿಯ ನೀರು. ನಾನು ಹಾಳೆ ಓದುವ ಧ್ವನಿ, ಎಂದಿನಂತೆ ಚಪ್ಪೆ. ಆಮೇಲೆ ನನ್ನ ಕಾಲ್ಗೆಜ್ಜೆ ಬಾಗಿಲ ಹತ್ತಿರ ಬಂದು ನಿಂತಿತು. ಒಂದು ಉಸಿರು. "ಬರ್ತೀನಿ." ಆಮೇಲೆ ಏನೂ ಇಲ್ಲ, ಬರೀ ಫ್ಯಾನಿನ ಸದ್ದು, ಬಹಳ ಹೊತ್ತು. ಮತ್ತೆ ಗೆಜ್ಜೆ ಒಳಗೆ ಹೋಯಿತು, ಡಬ್ಬಿಯ ಮುಚ್ಚಳ ಹಾಕಿದ್ದು ಕೇಳಿಸಿತು.

ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಹೇಳಿದ್ದು ನಾನೇ. ಹಾಳೆ ಓದಿದ್ದು ನೆನಪಿದೆ, ಡಬ್ಬಿಯ ಮುಚ್ಚಳ ಹಾಕಿದ್ದು ನೆನಪಿದೆ, ನಡುವೆ ಬಾಗಿಲಿಗೆ ಹೋದದ್ದು ಮಾತ್ರ ಇಲ್ಲವೇ ಇಲ್ಲ. ಅವನ ದೆವ್ವವೋ ಗಾಳಿಯೋ ಆಗಿದ್ದಿದ್ದರೆ ಅಮ್ಮನಿಗೆ ಹೇಳಿ ಒಂದು ತಾಯತ ಕಟ್ಟಿಸಿಕೊಳ್ಳಬಹುದಿತ್ತು. ಬದುಕಿರುವ ಮನುಷ್ಯನ ಧ್ವನಿ ನನ್ನ ಗಂಟಲಲ್ಲಿ ಕೂತು ದಿನಾ ಬೆಳಿಗ್ಗೆ ಹೊರಟು ನಿಲ್ಲುತ್ತದೆ ಅಂದರೆ ಯಾರ ಹತ್ತಿರ ಹೇಳುವುದು? ಅಂಥ ಬೆಳಕಿನಲ್ಲಿ, ಅಷ್ಟು ಜನರ ನಡುವೆ, ಮೈ ನಡುಗಿತು. ಪಕ್ಕದಲ್ಲಿದ್ದ ಹೆಂಗಸು "ಜ್ವರಾನಾಮ್ಮಾ?" ಅಂತ ಕೇಳಿದರು.

ಮತ್ತೆ ಮತ್ತೆ ಕೇಳಿದೆ. ಹೆದರಿಕೆ ಹುಟ್ಟಿಸಿದ್ದು ಆ ಮಾತಿಗಿಂತ ಅದರ ನಂತರದ ಸುಮ್ಮನಿರುವಿಕೆ. ನನಗದು ಚೆನ್ನಾಗಿ ಗೊತ್ತು. ನಾಯಕಿಯರು ಮುಂದಿನ ಮಾತು ಗೊತ್ತಿಲ್ಲದೆ ನನ್ನ ಕಡೆ ಕಿವಿ ಕೊಟ್ಟು ನಿಲ್ಲುತ್ತಾರಲ್ಲ, ಹಾಗೆ ಅದು ಕಾಯುತ್ತಿತ್ತು. ಊರವರಿಗೆಲ್ಲ ಮಾತು ಕೊಡುವವಳು ನಾನು. ಅಲ್ಲಿ ಮಾತ್ರ ಕೊಟ್ಟಿರಲಿಲ್ಲ.

ಒಬ್ಬಳೇ ಇರುವಾಗ ಬಾಗಿಲ ಎದುರು ನಿಂತು "ಹೋಗಿ ಬಾ" ಅಂದು ನೋಡಿದೆ. ಅವನಿಗೇ ಹೇಳಬೇಕಾದದ್ದನ್ನು ಮರದ ಬಾಗಿಲಿಗೆ ಹೇಳಿ ಏನು ಪ್ರಯೋಜನ? ಹಾಗೂ ಹೀಗೂ ಉಳಿದ ತಿಂಗಳುಗಳು ಕಳೆದವು. ಅಜ್ಜಿ ಕೇಳುವುದನ್ನು ಬಿಟ್ಟರು. ಎಂಟೂ ಮುಕ್ಕಾಲಿಗೆ ಸರಿಯಾಗಿ ಹಸುವಿನ ಹತ್ತಿರ ಬಂದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಕೋರ್ಟಿನಲ್ಲಿ ಅವನ ಮುಖ ನೋಡುತ್ತೇನೆ. ಅವನಲ್ಲೂ ಏನಾದರೂ ಉಳಿದಿದ್ದರೆ ಬೇಡ ಅಂದುಬಿಡುತ್ತೇನೆ.

ಕೋರ್ಟಿನ ಮೊಗಸಾಲೆಯ ಬೆಂಚಿನಲ್ಲಿ ಅವನು ಮೊದಲೇ ಬಂದು ಕೂತಿದ್ದ. ಕೂದಲು ಸಣ್ಣಗೆ ಕತ್ತರಿಸಿಕೊಂಡಿದ್ದ, ಮುಖ ತಿಳಿಯಾಗಿತ್ತು. ಪಕ್ಕದಲ್ಲಿ ಕೂತೆ.

"ತಿಂಡಿ ಆಯ್ತಾ?" ಅಂದ.

"ಆಯ್ತು. ಒಂದು ಕೇಳ್ಲಾ?"

"ಕೇಳು."

"ಅವತ್ತು ಬಾಗಿಲಲ್ಲಿ ನಾನು ಹೋಗು ಅಂದೆ. ನಿಂಗೆ ಕೇಳಿಸ್ತಾ?"

"ಕೇಳಿಸ್ತು." ಬ್ಯಾಗಿನ ಪಟ್ಟಿ ಎಳೆದುಕೊಳ್ಳುತ್ತಾ ಹೇಳಿದ, "ಮೆಟ್ಟಿಲ ಮೇಲೆ ಕೂತಿದ್ದೆ. ಅರ್ಧ ಗಂಟೆ ಇರ್ಬೇಕು. ಕರೀತೀಯೇನೋ ಅಂತ."

ನಾನು ಆ ಅರ್ಧ ಗಂಟೆಯೂ ಬಾಗಿಲ ಈಚೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ಅವನು ಮೆಟ್ಟಿಲಿಳಿಯುವ ಸದ್ದು ಕೇಳಿಸಲಿಲ್ಲವಲ್ಲ, ಇನ್ನೂ ಇದ್ದಾನಾ ಅಂತ ಕಾಯುತ್ತಿದ್ದೆ. ಅದನ್ನು ಅವನಿಗೆ ಹೇಳಿದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಅವನು ನನ್ನ ಕೈ ಹಿಡಿಯಲಿಲ್ಲ, ದೂರ ಸರಿಯಲೂ ಇಲ್ಲ. "ಮೊದಲ ಮೂರು ತಿಂಗಳು ನಂಗೆ ನಿದ್ದೇನೇ ಬರ್ತಿರ್ಲಿಲ್ಲ ಕಣೆ," ಅಂದ. "ದಿನಾ ಬೆಳಿಗ್ಗೆ ರೂಮಿಂದ ಹೊರಡುವಾಗ ಬಾಗಿಲಲ್ಲಿ ನಿಂತ್ಕೊಂಡ್ಬಿಡ್ತಿದ್ದೆ. ಯಾರಿಗೆ ಹೇಳ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ. ಈಗ ಹೋಗಿದೆ ಅದು. ಈಗ ನಿದ್ದೆ ಬರ್ತಿದೆ." ಹೇಳಿ ಸಣ್ಣಗೆ ನಕ್ಕ. ಎಷ್ಟೋ ವರ್ಷದಿಂದ ನಾನು ನೋಡಿರದ ನಗು ಅದು. ಅವನನ್ನು ಆ ನೆಮ್ಮದಿಯಿಂದ ಮತ್ತೆ ಎಳೆದು ತರಬೇಕೇ ಅನ್ನಿಸಿತು.

ಅಷ್ಟರಲ್ಲಿ ಹೆಸರು ಕೂಗಿದರು. ಜಡ್ಜ್ ಕಡತ ತಿರುವಿ ಹಾಕುತ್ತಾ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು. ಈಗಲೂ ಇದೇ ನಿರ್ಧಾರವೇ, ಯಾರ ಬಲವಂತವೂ ಇಲ್ಲವೇ? ಅವನು ಹೌದು ಅಂದ. ನನ್ನ ಸರದಿ ಬಂತು. ಬೇಡ ಅನ್ನುವುದು ನಾಲಿಗೆಯ ಮೇಲಿತ್ತು, ಅವನ ಆ ನಗುವೂ ಕಣ್ಣೆದುರಿಗಿತ್ತು. ಸುಮ್ಮನೆ ನಿಂತೆ. ಹಿಂದಿನಿಂದ ವಕೀಲರು ನನ್ನ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ, ಯಾವ ಭಾವವೂ ಇಲ್ಲದೆ ಹೇಳಿಕೊಟ್ಟರು. "ಹೌದು ಅನ್ನಿ."

"ಹೌದು," ಅಂದೆ.

ಹೊರಗೆ ಬಂದೆವು. ಗೇಟಿನ ಹತ್ತಿರ ಅವನು ಆಟೋ ಕರೆದ, ಬ್ಯಾಗನ್ನು ಹೆಗಲಿಗೇರಿಸಿದ, ಉಸಿರು ಬಿಟ್ಟ. "ಬರ್ತೀನಿ," ಅಂದ. ಅಂದವನೇ ನಿಂತುಬಿಟ್ಟ, ನಾನೂ ನಿಂತೆ. ಅವನ ಮುಖದಲ್ಲಿ ಆ ಕಾಯುವಿಕೆ ಇತ್ತು. ಇಷ್ಟು ದಿನ ನಾನು ಮೊಬೈಲಿನಲ್ಲಿ ಕೇಳುತ್ತಿದ್ದ ಅದೇ ಮೌನ.

"ಹೋಗಿ ಬಾ," ಅಂದೆ. ಪ್ರಾಂಪ್ಟಿಂಗಿನ ಧ್ವನಿಯಲ್ಲಿ ಅಲ್ಲ. ನನ್ನಲ್ಲಿದ್ದ ಭಾವವೆಲ್ಲ ಅದರಲ್ಲಿತ್ತು. ಅವನು ತಲೆಯಾಡಿಸಿ ಆಟೋ ಹತ್ತಿದ.

ಮಾರನೇ ದಿನ ಮೊಬೈಲನ್ನು ಮತ್ತೆ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟೆ. ಕಾಫಿ, ಹಾಳೆ, ಡಬ್ಬಿ. ಬೀಗ ಹಾಕುವ ಮುಂಚೆ ಅಲ್ಲೇ ನಿಂತು ಕೇಳಿದೆ. ಲೋಟ, ನಲ್ಲಿ, ನನ್ನ ಚಪ್ಪೆ ಧ್ವನಿ, ಡಬ್ಬಿಯ ಮುಚ್ಚಳ. ನಡುವೆ ಗೆಜ್ಜೆ ಎಲ್ಲಿಗೂ ಹೋಗಿರಲಿಲ್ಲ. ಹೆದರಿಕೆ ಹೋಯಿತಲ್ಲ ಅಂತ ಸಮಾಧಾನ ಆಗಬೇಕಿತ್ತು. ಇಡೀ ಮನೆ ಖಾಲಿಯಾದದ್ದು ಆಗ ಗೊತ್ತಾಯಿತು.

ಬೀಗ ಹಾಕಿ ಮೆಟ್ಟಿಲಿಳಿದೆ. ಕೆಳಗೆ ಅಜ್ಜಿ ಹುಲ್ಲಿನ ಕಂತೆ ಹಿಡಿದುಕೊಂಡು ಮೇಲೆಯೇ ನೋಡುತ್ತಿದ್ದರು.

"ಇವತ್ತು ನಿನ್ ಗಂಡ ಏನೂ ಅನ್ಲಿಲ್ವಲ್ಲವ್ವ?"

ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. "ಇಲ್ಲಜ್ಜಿ. ಅವ್ನು ಹೋದ," ಅಂದೆ.

ಅಜ್ಜಿಯ ಕೈಯಿಂದ ಹುಲ್ಲು ಕೆಳಗೆ ಬಿತ್ತು. ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಎಂಥ ಮಾತಾಡ್ತೀಯವ್ವ ಬೆಳ್‌ಬೆಳಿಗ್ಗೆ. ಬದ್ಕಿರೋ ಗಂಡನ್ನ ಓದ ಅಂತಾರಾ? ಬಿಡ್ತು ಅನ್ನು. ಬಿಡ್ತು ಅನ್ನು ಮೊದ್ಲು."

ಹಸುವಿನ ವಾಸನೆಯ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.

"ಬಿಡ್ತಜ್ಜಿ," ಅಂದೆ.